ಯಂತ್ರಕ್ಕೂ ಗುರುವೊಬ್ಬನು ಬೇಕು

‘ಸ್ಪೆಕ್ಟ್ರಮ್’ ಎಂಬುದಕ್ಕೆ ನಮ್ಮ ವಿಜ್ಞಾನ ಲೇಖಕರು ‘ರೋಹಿತ’ವೆಂಬ ಶಬ್ದವನ್ನು ಬಳಸುತ್ತಾರೆ. ಅಮರಕೋಶದಲ್ಲಿ ಬಾಗದೆ ನೆಟ್ಟಗೆ ತೋರುವ ಇಂದ್ರಧನುಸ್ಸಿಗೆ ಈ ಹೆಸರಿದೆ. ವ್ಯಾಕರಣ ಕಾವ್ಯಗಳಲ್ಲಿಯೇ ಆಯುಷ್ಯ ಸವೆಸಿದ ನನ್ನಂಥವನು ಬೆಳೆಗಳ ಪೋಷಕಾಂಶಗಳನ್ನು ಅಳೆಯುವ ವಿಚಾರದಲ್ಲಿ ಲೇಖನಿಯೆತ್ತಲು ಆ ಶಬ್ದವೇ ಪ್ರೇರಣೆ.

೧೮೦೦ರಲ್ಲಿ ಖಗೋಳಜ್ಞ ವಿಲಿಯಂ ಹರ್ಷೆಲನು ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಬಿಡಿಸಿ, ಕೆಂಪಿನಾಚೆ ಉಷ್ಣಮಾಪಕವನ್ನಿರಿಸಿದನು. ಬಣ್ಣವಿಲ್ಲದ ಆ ಎಡೆಯಲ್ಲಿಯೂ ಬಿಸಿ ಏರಿತು. ಕಣ್ಣಿಗೆ ಕಾಣದ ಆ ಬೆಳಕೇ ಅವಗೆಂಪು ಕಿರಣ. ಒಣಗಿಸಿ ಪುಡಿಮಾಡಿದ ಎಲೆಯ ಮೇಲೆ ಅದನ್ನು ಹಾಯಿಸಿದರೆ ಪ್ರೋಟೀನು, ಪಿಷ್ಟ, ನೀರುಗಳ ಅಣುಬಂಧಗಳು ತಮತಮಗೆ ಸಲ್ಲುವ ಅಲೆಗಳನ್ನು ಹೀರಿಕೊಳ್ಳುತ್ತವೆ. ಹಿಂದಿರುಗಿದ ಬೆಳಕಿನ ಕೊರತೆಯನ್ನು ನೋಡಿ ಯಂತ್ರವು ಸಾರಜನಕದ ಪ್ರಮಾಣವನ್ನು ಕೆಲವೇ ನಿಮಿಷಗಳಲ್ಲಿ ತಿಳಿಸುತ್ತದೆ. ಅಮೆರಿಕದ ಕೃಷಿ ಇಲಾಖೆಯ ಕಾರ್ಲ್ ನಾರಿಸ್ ಅವರು ಈ ವಿಧಾನಕ್ಕೆ ತಳಹದಿ ಹಾಕಿದರು. ೧೯೭೫ರಲ್ಲಿ ಕೆನಡಾದ ಧಾನ್ಯ ಆಯೋಗವು ಗೋಧಿಯ ಪ್ರೋಟೀನು ಪರೀಕ್ಷೆಗೆ ಇದನ್ನು ಅಂಗೀಕರಿಸಿತು. ರಾಸಾಯನಿಕ ಪರೀಕ್ಷೆಗೆ ಕಾಲ ಬೇಕು, ಆಮ್ಲ ಬೇಕು; ಹೊಲದ ಬೆಳೆಯಾದರೋ ಕಾಯದು. ಆದುದರಿಂದ ಈ ಸಾಧನವು ಸ್ವಾಗತಾರ್ಹವೇ ಸರಿ.

ಆದರೆ ಯಂತ್ರವು ಸ್ವಯಂಪ್ರಾಜ್ಞವಲ್ಲ. ೧೮೮೩ರಲ್ಲಿ ಡೆನ್ಮಾರ್ಕಿನ ಯೋಹಾನ್ ಕೆಲ್ದಾಲನು ರೂಪಿಸಿದ, ಗಂಧಕಾಮ್ಲದಲ್ಲಿ ಕುದಿಸಿ ಸಾರಜನಕವನ್ನಳೆಯುವ ಕ್ರಮದಿಂದ ಪರೀಕ್ಷಿತವಾದ ಅನೇಕ ಮಾದರಿಗಳನ್ನು ತೋರಿಸಿ, ‘ಇದರಲ್ಲಿ ಇಷ್ಟು’ ಎಂದು ಅದಕ್ಕೆ ಮೊದಲು ಪಾಠ ಹೇಳಬೇಕು. ಗುರು ತಪ್ಪಿದರೆ ಶಿಷ್ಯನೂ ತಪ್ಪುವನು. ಪರದೇಶದ ಗೋಧಿಯಲ್ಲಿ ಮಾತ್ರ ಪಾಠ ಕಲಿತ ಯಂತ್ರವನ್ನು ನಮ್ಮ ರಾಗಿಯ ಮುಂದೆ ನಿಲ್ಲಿಸುವುದು ಪರಭಾಷೆಯ ನಿಘಂಟು ಹಿಡಿದು ಹಳಗನ್ನಡಕ್ಕೆ ಅರ್ಥ ಹೇಳಿದಂತೆ. ಇನ್ನು ಪೊಟ್ಯಾಸಿಯಂನಂಥ ಖನಿಜಗಳು ಈ ಬೆಳಕಿಗೆ ನೇರವಾಗಿ ಉತ್ತರ ಕೊಡವು. ಜೊತೆಗಿರುವ ಸಾವಯವ ವಸ್ತುಗಳಿಂದ ಅವನ್ನು ಊಹಿಸಬೇಕಾಗುತ್ತದೆ. ಊಹೆಯನ್ನು ಊಹೆಯೆಂದೇ ರೈತನಿಗೆ ಹೇಳಬೇಕು. ಏಕೆಂದರೆ ಆ ಅಂಕಿಯನ್ನು ನಂಬಿ ಗೊಬ್ಬರಕ್ಕೆ ಸಾಲ ಮಾಡುವವನು ಅವನು; ಅಂಕಿ ಸುಳ್ಳಾದರೆ ಬಡ್ಡಿ ತೆರುವವನೂ ಅವನೇ.

ಯಂತ್ರ ಬಂದಿತೆಂದು ರಸಾಯನಶಾಲೆಗೆ ಬೀಗ ಹಾಕುವುದು ವಿವೇಕವಲ್ಲವೆಂಬುದೇ ನನ್ನ ವಿನಮ್ರ ಅಭಿಪ್ರಾಯ. ಹೊಸ ಉಪಕರಣಗಳಿಗೆ ಉದಾರವಾಗಿ ನೀಡುವ ದಾನಿಗಳು ತಕ್ಕಡಿ, ಗಾಜಿನ ನಳಿಗೆ, ಆಮ್ಲಗಳನ್ನೂ ಮರೆಯದಿರಲಿ. ಅವನ್ನು ತಾಳ್ಮೆಯಿಂದ ಬಳಸುವ ಕೈಗಳನ್ನು ನಮ್ಮ ಶಿಕ್ಷಕರು ಸಿದ್ಧಪಡಿಸಲಿ. ಆ ಕೈಗಳಿಲ್ಲದೆ ಯಂತ್ರವು ಕಲಿಯಲಾರದು. ಅದು ತಪ್ಪಿದಾಗ ತಿದ್ದುವವರೂ ಇರಲಾರರು.