ಅಜ್ಜಿಯ ಸೀರೆಯ ಬಿಸುಪು
ಎಳ್ಳಮವಾಸ್ಯೆ ಹತ್ತಿರವಾದರೆ ಸಾಕು, ಕೂಡ್ಲಿಗಿಯಿಂದ ಹಡಗಲಿಯವರೆಗೆ ಅಟ್ಟದ ಮೇಲಿನ ಕೌದಿಗಳು ಕೆಳಗಿಳಿಯುತ್ತವೆ. ಅಂಗಡಿಯ ರಗ್ಗು ಎಷ್ಟೇ ಮೆತ್ತಗಿರಲಿ, ಮೈಮೇಲೆ ಕೈಯಿಟ್ಟಂತೆ ಕೂರುವ ಕೌದಿಯ ಭಾರ ಅದಕ್ಕೆಲ್ಲಿ? ಸವೆದ ಇಳಕಲ್ ಸೀರೆ, ಅಪ್ಪನ ಧೋತರ, ಕೂಸಿನ ಅಂಗಿ ಎಲ್ಲವನ್ನೂ ಪದರ ಪದರವಾಗಿ ಹಾಸಿ, ಅವ್ವ ಮತ್ತು ಓಣಿಯ ಹೆಂಗಸರು ಸುತ್ತ ಕೂತು ಅಂಚಿನಿಂದ ನಡುವಿನತ್ತ ಸಾಲುಹೊಲಿಗೆ ಹಾಕುತ್ತಿದ್ದರು. ಪದರಗಳ ನಡುವೆ ಸಿಕ್ಕಿದ ಗಾಳಿಯೇ ಬಿಸುಪನ್ನು ಹಿಡಿದಿಡುತ್ತದೆ. ಆ ಕೈಗೆಲಸಕ್ಕೆ ಕೂಲಿ ಕಟ್ಟಿದವರನ್ನು ನಾನಂತೂ ಕಾಣಲಿಲ್ಲ, ಅದು ಇವತ್ತಿಗೂ ನೋಯುತ್ತದೆ. ಸಂಕ್ರಾಂತಿಯ ನಸುಕಿನಲ್ಲಿ ಎಳ್ಳು ಹಚ್ಚಿದ ಸಜ್ಜೆರೊಟ್ಟಿ ಬಡಿಯುವ ಸಪ್ಪಳ ಕೇಳಿದರೂ ನಾವು ಮೂವರು ಮಕ್ಕಳು ಕೌದಿಯೊಳಗಿಂದ ಏಳುತ್ತಿರಲಿಲ್ಲ. ತೀರಿಹೋದ ಅಜ್ಜಿಯ ಸೀರೆಯ ತುಂಡು ಯಾವುದೆಂದು ಕತ್ತಲಲ್ಲೇ ಬೆರಳಿನಿಂದ ಹುಡುಕುತ್ತಿದ್ದೆವು.