ವೀಣೆಗೆ ಬೇಕಾದುದು ನಿಶ್ಶಬ್ದ

ವೀಣೆ ಶೇಷಣ್ಣನವರು (1852–1926) ಬೆಳಗಿದ ಮೈಸೂರು ವೀಣೆಯ ಆಲಾಪನೆಗೆ ತಾಳವಿಲ್ಲ, ಸಾಹಿತ್ಯವಿಲ್ಲ. ರಾಗದ ಮೇರೆಯೊಳಗೆ ವಾದಕನು ಆಗಿಂದಾಗಲೇ ಕಲ್ಪಿಸಿಕೊಂಡು ನಿಧಾನವಾಗಿ ನುಡಿಸುತ್ತಾನೆ. ಮೀಟಿದ ತಂತಿಯ ಶಕ್ತಿಯು ಮರಕ್ಕೂ ಗಾಳಿಗೂ ಹರಿದು ನಾದವು ಕ್ರಮೇಣ ಕ್ಷೀಣಿಸುತ್ತದೆ. ಆ ಕ್ಷೀಣನಾದದಲ್ಲಿಯೇ ಎಡಗೈ ಬೆರಳು ತಂತಿಯನ್ನೆಳೆದು ಗಮಕವನ್ನು ಮೂಡಿಸುತ್ತದೆ. ಸುತ್ತಲಿನ ಗದ್ದಲದಲ್ಲಿ ಮೊದಲು ಮುಳುಗುವುದು ಈ ಭಾಗವೇ.

ಧ್ವನಿವರ್ಧಕವು ಇದಕ್ಕೆ ಪೂರ್ಣ ಪರಿಹಾರವಲ್ಲ. ನಾದದೊಡನೆ ಅದು ಮೀಟಿನ ಪೆಟ್ಟನ್ನೂ ಹಿಗ್ಗಿಸುತ್ತದೆ. ಗದ್ದಲವನ್ನೇ 10 ಡೆಸಿಬೆಲ್ ತಗ್ಗಿಸಿದರೆ ಅದರ ತೀವ್ರತೆಯು ಹತ್ತರಲ್ಲೊಂದು ಪಾಲಿಗಿಳಿಯುತ್ತದೆ. ಆದುದರಿಂದ ಹೆಗ್ಗಡದೇವನಕೋಟೆ ತಾಲ್ಲೂಕಿನ ಎನ್. ಬೇಗೂರಿನಂತಹ ಕಾಡಂಚಿನ ಊರುಗಳ ಶಾಲೆಗಳಲ್ಲಿ ವೀಣೆ, ತಂಬೂರಿಗಳ ಕಿರುಗೋಷ್ಠಿಗಳು ಧ್ವನಿವರ್ಧಕವಿಲ್ಲದೆಯೇ ನಡೆಯಬೇಕೆಂಬುದು ನಮ್ಮ ಅಭಿಪ್ರಾಯ. ಸೂಕ್ಷ್ಮವಾದುದನ್ನು ಕಾಣಲು ಕಣ್ಣನ್ನು ಪಳಗಿಸುವ ವಿದ್ಯಾರ್ಥಿಗಳು, ಕ್ಷೀಣವಾದುದನ್ನು ಕೇಳಲು ಕಿವಿಯನ್ನೂ ಪಳಗಿಸಬೇಡವೇ?