ತಕ್ಕಡಿ ಯಾರದು?

ಚಿಕ್ಕಬಳ್ಳಾಪುರದ ಒಂದು ಸಭೆಯಲ್ಲಿ, ಅರ್ಬುದರೋಗಕ್ಕೆ ವಿಕಿರಣ ಚಿಕಿತ್ಸೆ ನೀಡುವ ನೂತನ ಯಂತ್ರಗಳನ್ನು ಕೊಂಡಾಡುತ್ತ ಭಾಷಣಕಾರರೊಬ್ಬರು, "ಇವು ದಿನವೂ ಬೆಳಗ್ಗೆ ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳುತ್ತವೆ, ಇನ್ನು ಅಳೆಯುವುದಕ್ಕೆ ಮನುಷ್ಯನೇಕೆ?" ಎಂದರು. ಸಭೆ ಚಪ್ಪಾಳೆ ತಟ್ಟಿತು. ನನಗೆ ಮಾತ್ರ ಆ ಮಾತು ಅಪಾಯಕರವೆಂದು ತೋರಿತು. ತನ್ನ ಅಳತೆಗೆ ತಾನೇ ಸಾಕ್ಷಿಯಾದದ್ದನ್ನು ಪರೀಕ್ಷಿತವೆಂದು ನಾನು ಒಪ್ಪಲಾರೆ.

ಸ್ವಯಂಚಾಲಿತ ಪರೀಕ್ಷೆಯ ಪಕ್ಷದಲ್ಲಿ ನ್ಯಾಯವಿಲ್ಲವೆಂದಲ್ಲ. ಚಿಂತಾಮಣಿಯಿಂದಲೋ ಗೌರಿಬಿದನೂರಿನಿಂದಲೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ವಾರಗಟ್ಟಲೆ ಅಲೆಯುವ ರೋಗಿಗೆ ಬೆಳಗಿನ ಒಂದೊಂದು ನಿಮಿಷವೂ ಅಮೂಲ್ಯ. ಕಿರಣಕ್ಕೆ ಆಕಾರ ಕೊಡುವ ಟಂಗ್‌ಸ್ಟನ್ ಎಲೆಗಳು ಒಂದು ಮಿಲಿಮೀಟರು ಸರಿದರೂ ಯಂತ್ರವೇ ಅದನ್ನು ಕ್ಷಣಮಾತ್ರದಲ್ಲಿ ಹಿಡಿದುಕೊಡುತ್ತದೆ. ದಣಿದ ಕಣ್ಣು ತಪ್ಪೀತು, ಯಂತ್ರ ದಣಿಯದು. ಇದೆಲ್ಲವನ್ನೂ ಸಂತೋಷದಿಂದ ಒಪ್ಪುತ್ತೇನೆ. ಸಂಬಳ ಉಳಿಯುತ್ತದೆಂಬ ವಾದ ಮಾತ್ರ ಉತ್ತರಕ್ಕೆ ಅರ್ಹವಲ್ಲ.

ಆದರೆ ಯಂತ್ರ ತನ್ನನ್ನು ಯಾವುದರೊಡನೆ ಹೋಲಿಸಿಕೊಳ್ಳುತ್ತದೆ? ಮೊದಲ ದಿನ ಯಾರೋ ಬರೆದಿಟ್ಟ ಅಂಕಿಯೊಡನೆ. ಆ ಅಂಕಿಯೇ ತಪ್ಪಾಗಿದ್ದರೆ ಅದು ಪ್ರತಿದಿನವೂ ಅಚಲವಾದ ನಿಷ್ಠೆಯಿಂದ ತಪ್ಪನ್ನೇ ಸರಿಯೆಂದು ಸಾರುತ್ತದೆ. 1988ರಲ್ಲಿ ಇಂಗ್ಲೆಂಡಿನ ಎಕ್ಸೆಟರಿನಲ್ಲಿ ಹೊಸ ಕೋಬಾಲ್ಟ್ ಆಕರವನ್ನು ತಪ್ಪಾಗಿ ಅಳೆದುದರಿಂದ 207 ರೋಗಿಗಳು ಶೇಕಡ 25ರಷ್ಟು ಅಧಿಕ ವಿಕಿರಣ ಪಡೆದರು. ಅಳೆದವನು ಮನುಷ್ಯನೇ, ನಿಜ. ಆದರೆ ದೋಷ ಬೆಳಕಿಗೆ ಬಂದದ್ದು ಹೊರಗಿನವರು ತಮ್ಮ ಉಪಕರಣ ತಂದು ಅಳೆದಾಗ.

ನಮ್ಮ ಸೀಮೆಗೇ ಸೇರಿದ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕು. ವಿಕಿರಣವನ್ನು ಅಳೆಯುವ ಅಯಾನು ಕೋಶವೆಂಬುದು ಹೆಬ್ಬೆರಳಿಗಿಂತ ಸಣ್ಣದಾದ ಒಂದು ಕುಹರ; ಅದರೊಳಗಿರುವುದು ಕೋಣೆಯ ಗಾಳಿಯೇ. ಕಡಲ ಮಟ್ಟದಿಂದ ಸುಮಾರು ಒಂಬೈನೂರು ಮೀಟರು ಎತ್ತರದಲ್ಲಿರುವ ನಮ್ಮ ಈ ಪ್ರಸ್ಥಭೂಮಿಯಲ್ಲಿ ಗಾಳಿಯ ಒತ್ತಡ ಕಡಲತೀರದ ಹತ್ತರಲ್ಲಿ ಒಂಬತ್ತು ಪಾಲಿನಷ್ಟೇ ಇರುವುದರಿಂದ, ಕೋಶ ತೋರಿಸುವ ಅಂಕಿಯೂ ಅಷ್ಟೇ ಕಡಿಮೆಯಾಗುತ್ತದೆ. ಅದಕ್ಕಾಗಿ ಭೌತವಿಜ್ಞಾನಿ ಕೋಣೆಯ ವಾಯುಭಾರಮಾಪಕವನ್ನೂ ಉಷ್ಣಮಾಪಕವನ್ನೂ ನೋಡಿ ಅಂಕಿಯನ್ನು ತಿದ್ದುತ್ತಾನೆ. ಹವಾಮಾನ ವರದಿಯ ಒತ್ತಡವಾದರೋ ಸಾಮಾನ್ಯವಾಗಿ ಕಡಲ ಮಟ್ಟಕ್ಕೆ ಇಳಿಸಿ ಕೊಟ್ಟದ್ದು. ಅದನ್ನೇ ತಂತ್ರಾಂಶಕ್ಕೆ ಉಣಿಸಿದರೆ, ಸರಿಯಾಗಿಯೇ ಇದ್ದ ಕಿರಣ ದುರ್ಬಲವೆಂದು ಕಾಣುತ್ತದೆ. ಅದನ್ನು ನಂಬಿ ಕಿರಣವನ್ನು ಹೆಚ್ಚಿಸಿದರೆ ರೋಗಿಯ ಮೈಗೆ ಹತ್ತನೆಯ ಒಂದು ಪಾಲು ಅಧಿಕ ವಿಕಿರಣ ಬೀಳುತ್ತದೆ. ದಿನದ ಪರೀಕ್ಷೆಯಲ್ಲಿ ಸಹಿಸತಕ್ಕ ವ್ಯತ್ಯಾಸ ಶೇಕಡ ಮೂರು ಮಾತ್ರ. ತಂತ್ರಾಂಶಕ್ಕೆ ತಾನು ಇರುವ ಊರು ಎತ್ತರದಲ್ಲಿದೆಯೆಂಬ ಅನುಮಾನ ಹುಟ್ಟದು. ಅನುಮಾನಪಡುವುದೇ ಆ ಕೋಣೆಯಲ್ಲಿ ನಿಂತವನ ಕೆಲಸ.

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಬರುವ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೂಡನ್ನು ಕೊಳ್ಳುವ ರೀಲರಿನ ತಕ್ಕಡಿಯನ್ನು ರೈತ ಒಪ್ಪುವುದಿಲ್ಲ, ರೈತನ ತಕ್ಕಡಿಯನ್ನು ರೀಲರು ಒಪ್ಪುವುದಿಲ್ಲ. ಆದ್ದರಿಂದಲೇ ಅಲ್ಲಿ ತೂಕ ಸರ್ಕಾರದ್ದು. ಬುಟ್ಟಿಯ ಗೂಡಿಗೆ ನಾವು ಸಲ್ಲಿಸುವ ಎಚ್ಚರ ಮನುಷ್ಯಶರೀರಕ್ಕೆ ಸಲ್ಲಬೇಡವೆ? ವಿಕಿರಣ ಯಂತ್ರಕ್ಕೆ ಹಣ ಮಂಜೂರು ಮಾಡುವವರು ಅದೇ ಆದೇಶದಲ್ಲಿ ಒಬ್ಬ ಭೌತವಿಜ್ಞಾನಿಯ ಹುದ್ದೆಯನ್ನೂ, ಯಂತ್ರಕ್ಕೆ ಸೇರದ ಒಂದು ಅಯಾನು ಕೋಶವನ್ನೂ, ಗೋಡೆಗೆ ಒಂದು ವಾಯುಭಾರಮಾಪಕವನ್ನೂ ಮಂಜೂರು ಮಾಡಬೇಕೆಂದು ಬೇಡುತ್ತೇನೆ.